ಬೇಲಿಯ ಈಚೆಗೆ ನಿಂತವರು

ಕರ್ಮವನ್ನು ಮಾಡಿದವನಿಗೇ ಕರ್ಮದ ಫಲ ಸಲ್ಲತಕ್ಕದ್ದೆಂದು ಜೈಮಿನಿಯ ಕಾಲದಿಂದಲೂ ನಮ್ಮ ಮೀಮಾಂಸಕರು ಹೇಳುತ್ತ ಬಂದಿದ್ದಾರೆ. ಕೇಳುವುದಕ್ಕೆ ಇದಕ್ಕಿಂತ ನ್ಯಾಯವಾದ ಮಾತು ಇನ್ನೊಂದಿಲ್ಲ. ಆದರೆ ಯಜ್ಞಶಾಲೆಯ ಬಾಗಿಲನ್ನು ದಾಟಿದೊಡನೆಯೇ ಈ ನ್ಯಾಯಕ್ಕೆ ತೊಡಕು ಬಂದಿತು. ಆಹುತಿಯನ್ನು ಹಾಕುವವನು ಅಧ್ವರ್ಯು, ಋಕ್ಕುಗಳನ್ನು ಹೇಳುವವನು ಹೋತೃ, ಸಾಮಗಳನ್ನು ಹಾಡುವವನು ಉದ್ಗಾತೃ. ಸ್ವರ್ಗ ಮಾತ್ರ ಇವರಾರದೂ ಅಲ್ಲ, ದಕ್ಷಿಣೆ ಕೊಟ್ಟು ಇವರನ್ನು ವರಿಸಿದ ಯಜಮಾನನದು. ಸಂಕಲ್ಪ ಅವನದಾದುದರಿಂದ ಕರ್ತೃತ್ವವೂ ಅವನದೇ ಎಂದು ಶಾಸ್ತ್ರಕಾರರು ಸಮಾಧಾನ ಹೇಳಿದರು. ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾಟ್ಯಶಾಲೆಗೆ ಹೋದರೆ ತೀರ್ಪು ತಲೆಕೆಳಗಾಗುತ್ತದೆ. ಭರತನ ರಸಸೂತ್ರಕ್ಕೆ ವ್ಯಾಖ್ಯಾನ ಮಾಡಿದವರಲ್ಲಿ ಹಿಂದಿನ ಕೆಲವರು ರಸವನ್ನು ಮೂಲಪಾತ್ರದಲ್ಲಿಯೂ ನಟನಲ್ಲಿಯೂ ಹುಡುಕಾಡಿದ ಮೇಲೆ, ಕಾಶ್ಮೀರದ ಅಭಿನವಗುಪ್ತನು ಬಂದು, ಅದು ಸಹೃದಯನಾದ ಪ್ರೇಕ್ಷಕನಲ್ಲಿಯೇ ಸಿದ್ಧಿಸತಕ್ಕದ್ದೆಂದು ನಿಲ್ಲಿಸಿದನು. ನಟನು ರಸವನ್ನು ತುಂಬಿ ತರುವ ಪಾತ್ರೆಯೇ ಹೊರತು ಅದನ್ನು ಆಸ್ವಾದಿಸುವವನಲ್ಲ. ಒಂದೇ ನಾಡಿನ ಎರಡು ಶಾಸ್ತ್ರಗಳಲ್ಲಿ ಒಂದು ಮಾಡುವವನ ಕಡೆಗೂ ಇನ್ನೊಂದು ನೋಡುವವನ ಕಡೆಗೂ ಹೀಗೆ ಫಲವನ್ನು ತಿರುಗಿಸಿಬಿಟ್ಟಿವೆ. ಹಾಗಾದರೆ, ಯಜ್ಞವೂ ಅಲ್ಲದ, ನಾಟಕವೂ ಅಲ್ಲದ, ಆದರೆ ಎರಡರ ಲಕ್ಷಣಗಳನ್ನೂ ಅಷ್ಟಿಷ್ಟು ಹೊತ್ತುಕೊಂಡ ಕರ್ಮವೊಂದನ್ನು ಕೆಲವರು ಮಾಡಿ, ಬೇಲಿಯ ಈಚೆಗೆ ನಿಂತು ಲಕ್ಷಾಂತರ ಜನ ನೋಡಿದರೆ, ಅದರ ಫಲ ಯಾರದು?

ಈ ಹಳೆಯ ವ್ಯಾಜ್ಯ ನನ್ನ ಮೇಜಿನ ಮೇಲೆ ಬಂದು ಬಿದ್ದದ್ದು ಶಾಸ್ತ್ರಾಧ್ಯಯನದ ದೆಸೆಯಿಂದಲ್ಲ. ನನ್ನ ತಂಗಿಯ ಮಗಳಿಗೆ ಅಮೆರಿಕದ ಬಾಸ್ಟನ್ ನಗರದ ಮ್ಯಾರಥಾನಿನಲ್ಲಿ ಓಡುವ ಅರ್ಹತೆ ದೊರೆತಿತು. "ಮಾವ, ಓಡುವುದು ನನ್ನ ಪಾಲಿಗಿರಲಿ, ಉಳಿದ ಏರ್ಪಾಡೆಲ್ಲ ನಿಮ್ಮ ಪಾಲಿಗಿರಲಿ" ಎಂದು ಹೇಳಿ ಅವಳು ನಿಶ್ಚಿಂತಳಾದಳು. ನಗರದ ನಕ್ಷೆಯನ್ನೂ ರೈಲುಗಳ ವೇಳಾಪಟ್ಟಿಯನ್ನೂ ಹರಡಿಕೊಂಡು ಕುಳಿತಾಗ, ಇದು ಎಂದಿನ ಪ್ರವಾಸದ ಲೆಕ್ಕಾಚಾರವಲ್ಲವೆಂಬುದು ಬೇಗನೆ ತಿಳಿದುಬಂದಿತು. ಊರು ನೋಡಲು ಹೋದವನು ಕಾಲಿಗೆ ಬಿಡುವು ಕೊಡುವುದಿಲ್ಲ. ಓಡಲು ಹೋದವರಾದರೋ ಹಿಂದಿನ ಎರಡು ದಿನ ಕಾಲನ್ನು ಕಾಪಾಡಿಕೊಳ್ಳುವುದನ್ನೇ ಒಂದು ವ್ರತವನ್ನಾಗಿ ಮಾಡಿಕೊಳ್ಳಬೇಕು. ನೋಡತಕ್ಕದ್ದು ನೂರು ಇರುವ ಊರಿನಲ್ಲಿ ನೋಡದೆ ಕುಳಿತಿರುವುದು, ನಡೆಯಲು ಹೇಳಿಮಾಡಿಸಿದಂಥ ಬೀದಿಗಳಲ್ಲಿ ನಡೆಯದಿರುವುದು, ಹೊಸ ತಿನಿಸುಗಳು ಕೈಬೀಸಿ ಕರೆಯುತ್ತಿರುವಾಗ ಹೊಟ್ಟೆಗೆ ಪರಿಚಯವಿರುವುದನ್ನು ಮಾತ್ರ ತಿನ್ನುವುದು, ಇವೆಲ್ಲ ಆ ವ್ರತದ ನಿಯಮಗಳು. ಹಬ್ಬದ ಮುನ್ನಾದಿನ ಒಪ್ಪೊತ್ತು ಮಾಡುವ ಮನೆಯಲ್ಲಿ ಬೆಳೆದ ನನಗೆ, ಮುನ್ನಾದಿನ ಅನ್ನವನ್ನು ಎಂದಿಗಿಂತ ಹೆಚ್ಚಾಗಿ ಉಣ್ಣುವುದೇ ವಿಧಿಯಾಗಿರುವ ಈ ವ್ರತ ಸ್ವಲ್ಪ ವಿಚಿತ್ರವಾಗಿಯೇ ಕಂಡಿತೆಂದು ಹೇಳಬೇಕು.

ಓಟ ನಡೆಯುವುದು ಏಪ್ರಿಲ್ ತಿಂಗಳ ಮೂರನೆಯ ಸೋಮವಾರ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಗ್ರಾಮಗಳಲ್ಲಿ ಬ್ರಿಟಿಷರೊಡನೆ ನಡೆದ ಮೊದಲ ಕಾದಾಟದ ಸ್ಮರಣೆಗಾಗಿ ಮೆಸಾಚುಸೆಟ್ಸ್ ರಾಜ್ಯಕ್ಕೆ ಅಂದು ರಜೆ. ಓಟದ ಹುಟ್ಟು ಮಾತ್ರ ಅಷ್ಟು ಹಳೆಯದಲ್ಲ. 1896ರ ಏಪ್ರಿಲ್‌ನಲ್ಲಿ ಅಥೆನ್ಸ್ ನಗರದಲ್ಲಿ ಆಧುನಿಕ ಒಲಿಂಪಿಕ್ ಕ್ರೀಡೆಗಳು ಮೊದಲ ಬಾರಿಗೆ ನಡೆದಾಗ, ಮ್ಯಾರಥಾನ್ ಎಂಬ ಹಳ್ಳಿಯಿಂದ ಅಥೆನ್ಸಿನ ಕ್ರೀಡಾಂಗಣದವರೆಗೆ ಒಂದು ದೀರ್ಘವಾದ ಓಟವನ್ನು ಏರ್ಪಡಿಸಿದ್ದರು; ಸ್ಪಿರಿಡಾನ್ ಲೂಯಿಸ್ ಎಂಬ ಗ್ರೀಕನು ಅದರಲ್ಲಿ ಗೆದ್ದನು. ಬಾಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ನಿನ ಕೆಲವರು ಆ ಕ್ರೀಡೆಗಳಿಗೆ ಹೋಗಿದ್ದರು. ಅವರು ಅಲ್ಲಿ ಕಂಡು ಬಂದುದರ ಫಲವಾಗಿ ಮರುವರ್ಷ, 1897ರ ಏಪ್ರಿಲ್ 19ರಂದು, ಹದಿನೈದು ಜನ ಆಶ್‌ಲ್ಯಾಂಡ್ ಗ್ರಾಮದಿಂದ ಬಾಸ್ಟನ್ ಕಡೆಗೆ ಓಡಿದರು. ಬಾಸ್ಟನ್ನಿನ ಓಟ ಹುಟ್ಟಿದ್ದೇ ಹೀಗೆ ಬೇರೊಂದು ಓಟವನ್ನು ಕಂಡವರಿಂದ ಎಂಬುದು ನನ್ನ ಪ್ರಶ್ನೆಗೆ ದೊರೆತ ಮೊದಲ ಸಾಕ್ಷ್ಯ. ಅದೇ 1896ರ ಮಾರ್ಚ್ 25ರಂದು, ಅಥೆನ್ಸಿನ ಓಟಕ್ಕೆ ಇನ್ನೂ ಎರಡು ವಾರಗಳಿರುವಾಗ, ಬಾಸ್ಟನ್ನಿನಿಂದ ನದಿಯ ಆಚೆಗಿರುವ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಸ್ವಾಮಿ ವಿವೇಕಾನಂದರು ವೇದಾಂತವನ್ನು ಕುರಿತು ಉಪನ್ಯಾಸ ಮಾಡಿದ್ದರು. ಇವೆರಡಕ್ಕೂ ಕಾರ್ಯಕಾರಣಸಂಬಂಧವೇನೂ ಇಲ್ಲ. ಆದರೂ ಒಂದೇ ಊರಿನ ಬಳಿಯಲ್ಲಿ ಒಂದೇ ವಸಂತದಲ್ಲಿ ಕೆಲವರು ಕಾಲಿನ ವಿಷಯವನ್ನೂ ಕೆಲವರು ಆತ್ಮದ ವಿಷಯವನ್ನೂ ಹೊಸದಾಗಿ ಆಲೋಚಿಸುತ್ತಿದ್ದರೆಂಬುದನ್ನು ನೆನೆದರೆ ಮನಸ್ಸಿಗೆ ಒಂದು ಬಗೆಯ ಸಂತೋಷವಾಗುತ್ತದೆ.

ಬೇರೆ ಅನೇಕ ನಗರಗಳಲ್ಲಿ ಚೀಟಿ ಎತ್ತಿ ಓಟಗಾರರನ್ನು ಆರಿಸುತ್ತಾರೆ. ಬಾಸ್ಟನ್ನಿನಲ್ಲಿ 1970ರಿಂದ ಈಚೆಗೆ ಅಧಿಕಾರದ ಪ್ರಶ್ನೆ ಉಂಟು: ಈಗ ವಯಸ್ಸಿಗೆ ತಕ್ಕಂತೆ, ಸ್ತ್ರೀಪುರುಷರಿಗೆ ಬೇರೆ ಬೇರೆಯಾಗಿ, ಇಂತಿಷ್ಟು ಹೊತ್ತಿನೊಳಗೆ ಇನ್ನೊಂದು ಮ್ಯಾರಥಾನನ್ನು ಓಡಿ ಮುಗಿಸಿದವರಿಗೆ ಮಾತ್ರ ಪ್ರವೇಶ, ಧರ್ಮಕಾರ್ಯಗಳಿಗಾಗಿ ಹಣ ಕೂಡಿಸಿಕೊಡುವವರಿಗೆ ಇನ್ನೊಂದು ಬಾಗಿಲು ತೆರೆದಿದೆ. ಅಧಿಕಾರವೆಂದೊಡನೆ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯ ನೆನಪಾಗದಿರದು. ಯಜ್ಞ ಮಾಡುವ ಅಧಿಕಾರ ಪುರುಷನಿಗೇ ಎಂದು ಐತಿಶಾಯನನ ಪೂರ್ವಪಕ್ಷ, ಸ್ತ್ರೀಗೂ ಉಂಟೆಂದು ಬಾದರಾಯಣನ ಮತ, ಗೆದ್ದದ್ದು ಬಾದರಾಯಣ. ಅದೇ ಅಧ್ಯಾಯ ಮುಂದೆ ಶೂದ್ರನಿಗೆ ಬಾಗಿಲು ಮುಚ್ಚಿತೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಹಿಂದಿನವರ ಔದಾರ್ಯವನ್ನು ಅರ್ಧಕ್ಕೆ ನಿಲ್ಲಿಸಿ ಹೊಗಳುವುದು ಸುಲಭ. ಬಾಸ್ಟನ್ನಿನ ಐತಿಶಾಯನರು ಬಹುಕಾಲ ಸೋಲಲಿಲ್ಲ. 1966ರಲ್ಲಿ ಬಾಬಿ ಗಿಬ್ ಎಂಬಾಕೆ, ಹೆಂಗಸರಿಗೆ ಪ್ರವೇಶವಿಲ್ಲವೆಂದು ಹೇಳಿಸಿಕೊಂಡ ಮೇಲೆ, ಪೊದೆಯ ಮರೆಯಲ್ಲಿ ಕಾದಿದ್ದು ಓಟಗಾರರ ಗುಂಪನ್ನು ಸೇರಿಕೊಂಡು ಕೊನೆಯವರೆಗೆ ಓಡಿದಳು. ಮರುವರ್ಷ ಕ್ಯಾಥರಿನ್ ಸ್ವಿಟ್ಜರ್ ಎಂಬಾಕೆ ಹೆಸರಿನ ಮೊದಲಕ್ಷರಗಳನ್ನಷ್ಟೆ ಬರೆದು ಸಂಖ್ಯೆಯನ್ನು ಪಡೆದು ಓಡುತ್ತಿರುವಾಗ, ಅಧಿಕಾರಿಯೊಬ್ಬನು ರಸ್ತೆಗೆ ನುಗ್ಗಿ ಅದನ್ನು ಕಿತ್ತುಕೊಳ್ಳಲು ಹೋದನು. ವಿಧಿಯುಕ್ತವಾಗಿ ಸ್ತ್ರೀಯರನ್ನು ಬರಮಾಡಿಕೊಂಡದ್ದು 1972ರಲ್ಲಿ.

ಏರ್ಪಾಡಿಗೆ ಬರುತ್ತೇನೆ. ಶನಿವಾರಕ್ಕೆ ನಾನು ಕಾಂಕರ್ಡನ್ನು ಗೊತ್ತುಮಾಡಿದೆ. ಬಾಸ್ಟನ್ನಿನ ಉತ್ತರ ನಿಲ್ದಾಣದಿಂದ ಫಿಚ್‌ಬರ್ಗಿಗೆ ಹೋಗುವ ರೈಲು ಅಲ್ಲಿ ನಿಲ್ಲುತ್ತದೆ. ನಿಲ್ದಾಣದಿಂದ ವಾಲ್ಡೆನ್ ಕೊಳಕ್ಕೆ ನಡೆದೇ ಹೋಗಬಹುದಾದರೂ, ಕಾಲಿನ ವ್ರತವನ್ನು ನೆನೆದು ಬಾಡಿಗೆಯ ಕಾರಿಗೆ ಹಣ ತೆತ್ತೆವು. 1845ರ ಜುಲೈ 4ರಿಂದ ಎರಡು ವರ್ಷಕ್ಕೂ ಮೇಲ್ಪಟ್ಟು ಹೆನ್ರಿ ಡೇವಿಡ್ ಥೋರೋ ಎಂಬ ಲೇಖಕನು ಈ ಕೊಳದ ಅಂಚಿನಲ್ಲಿ ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿ ವಾಸವಾಗಿದ್ದನು. ಚಾರ್ಲ್ಸ್ ವಿಲ್ಕಿನ್ಸ್ 1785ರಲ್ಲಿ ಪ್ರಕಟಿಸಿದ ಭಗವದ್ಗೀತೆಯ ಇಂಗ್ಲಿಷ್ ಅನುವಾದ ಕಾಂಕರ್ಡಿನ ಅವನ ಗೆಳೆಯರ ಬಳಗದಲ್ಲಿ ಕೈಯಿಂದ ಕೈಗೆ ಹೋಗುತ್ತಿದ್ದ ಕಾಲವದು. ಚಳಿಗಾಲದಲ್ಲಿ ಈ ಸೀಮೆಯ ಕೊಳಗಳ ಮೇಲೆ ಗಟ್ಟಿಗಟ್ಟುವ ಹಿಮವನ್ನು ಕೊಯ್ದು ಬಾಸ್ಟನ್ನಿನ ವರ್ತಕರು ಹಡಗಿನಲ್ಲಿ ಕಲ್ಕತ್ತೆಗೂ ಮದರಾಸಿಗೂ ಕಳುಹಿಸುತ್ತಿದ್ದರು. ಹಿಂದೂಸ್ಥಾನದಿಂದ ಗೀತೆ ಬಂದಿತು, ಹಿಂದೂಸ್ಥಾನಕ್ಕೆ ಮಂಜುಗಡ್ಡೆ ಹೋಯಿತು. ವ್ಯಾಪಾರದಲ್ಲಿ ಯಾರಿಗೆ ಲಾಭವಾಯಿತೆಂಬುದನ್ನು ವಾಚಕರೇ ನಿರ್ಣಯಿಸಬಹುದು.

ಥೋರೋ ಈ ಕೊಳದ ವಾಸವನ್ನು ಕುರಿತು 1854ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಏಕಾಂತವನ್ನು ವಿಚಾರಿಸುವ ಅಧ್ಯಾಯವೊಂದಿದೆ. ತನ್ನೊಳಗೆ ಎಲ್ಲ ಅನುಭವಗಳನ್ನೂ ಅನುಭವಿಸುವವನೊಬ್ಬನಿರುವಂತೆಯೇ, ಯಾವ ಅನುಭವದಲ್ಲಿಯೂ ಭಾಗಿಯಾಗದೆ ಅದನ್ನು ಗಮನಿಸುತ್ತಿರುವ ಪ್ರೇಕ್ಷಕನೊಬ್ಬನೂ ಇರುವನೆಂದು ಅವನು ಅಲ್ಲಿ ಹೇಳುತ್ತಾನೆ; ಹೊಳೆಯಲ್ಲಿ ತೇಲಿಹೋಗುವ ಮರದ ತುಂಡೂ ತಾನಾಗಬಲ್ಲೆ, ಆಕಾಶದಿಂದ ಅದನ್ನು ನೋಡುವ ಇಂದ್ರನೂ ತಾನಾಗಬಲ್ಲೆ ಎಂಬುದು ಅವನ ಭಾವ. ಇಂದ್ರನ ಹೆಸರನ್ನೇ ಹಿಡಿದು ಹೇಳಿರುವುದರಿಂದ ಈ ಸಾಕ್ಷಿ ಯಾವ ದೇಶದಿಂದ ಹೋದವನೆಂದು ಹುಡುಕಬೇಕಾಗಿಲ್ಲ. ನನ್ನ ಸೋದರಸೊಸೆಯನ್ನು ಕೇಳಿದರೆ, ಮೂವತ್ತು ಕಿಲೋಮೀಟರು ಮೀರಿದ ಮೇಲೆ ಓಡುತ್ತಿರುವವಳು ಬೇರೆ, ಇನ್ನೆಷ್ಟು ಉಳಿದಿದೆಯೆಂದು ಎಣಿಸುತ್ತಿರುವವಳು ಬೇರೆ ಎಂದು ಎಷ್ಟೋ ಸಲ ತೋರುವುದುಂಟಂತೆ. ಆದರೆ ಥೋರೋ ಬಹಳ ಪ್ರಾಮಾಣಿಕನಾದ ಮನುಷ್ಯ. ಒಳಗಿನ ಈ ಇಬ್ಬಗೆಯಿಂದಾಗಿ ನಾವು ನೆರೆಯವರಿಗೂ ಸ್ನೇಹಿತರಿಗೂ ಅಷ್ಟೇನೂ ಒದಗದವರಾಗಿಬಿಡಬಹುದೆಂಬುದನ್ನು ಅವನೇ ಒಪ್ಪಿಕೊಂಡಿದ್ದಾನೆ. ನಮ್ಮ ಸಾಂಖ್ಯರು ಪುರುಷನನ್ನು ಉದಾಸೀನನೆಂದು ಕರೆದು ಅದೇ ಅವನ ಹಿರಿಮೆಯೆಂದರು. ಉದಾಸೀನನಾದ ನೋಟಕ ಪಕ್ಕದ ಮನೆಯವನಾಗಿ ಬಂದರೆ ಏನಾಗುತ್ತದೆಂಬುದನ್ನು ಆಲೋಚಿಸುವ ಅಗತ್ಯ ಅವರಿಗೆ ಬರಲಿಲ್ಲ. ಒಳಗಿನ ಸಾಕ್ಷಿಯ ವಿಚಾರ ಶನಿವಾರಕ್ಕೆ ಸಾಕು, ಸೋಮವಾರಕ್ಕೆ ಸಾಲದು ಎಂದು ನನಗೆ ಆ ಕೊಳದ ದಡದಲ್ಲಿಯೇ ಅನ್ನಿಸಿತು.

ಭಾನುವಾರದ ಕೆಲಸ ಎರಡೇ. ಒಂದು, ಓಟದ ಸಂಖ್ಯೆಯನ್ನು ಬರೆದ ಪಟ್ಟಿಯನ್ನು ಪಡೆಯುವುದು. ಇದಕ್ಕೆ ಓಡುವವರೇ ಗುರುತಿನ ಪತ್ರವನ್ನು ಹಿಡಿದು ಹೋಗಬೇಕು. ಮಾವನಾಗಲಿ ಗಂಡನಾಗಲಿ ಹೋಗಿ ತರುವಂತಿಲ್ಲ. ತಂದದ್ದನ್ನು ಇನ್ನೊಬ್ಬರಿಗೆ ಕೊಡುವಂತೆಯೂ ಇಲ್ಲ. ಕರ್ಮ ಒಬ್ಬನಿಂದ ಇನ್ನೊಬ್ಬನಿಗೆ ವರ್ಗವಾಗದೆಂಬ ಸಿದ್ಧಾಂತವನ್ನು ಇಷ್ಟು ಕಟ್ಟುನಿಟ್ಟಾಗಿ ಆಚರಣೆಗೆ ತಂದ ಕಚೇರಿಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಎರಡನೆಯದು, ಕಾಪ್ಲಿ ಚೌಕದ ಓಲ್ಡ್ ಸೌತ್ ಚರ್ಚಿಗೆ ಹೋಗಿಬರುವುದು. 1669ರಲ್ಲಿ ಸ್ಥಾಪಿತವಾದ ಸಭೆ ಇದು. ಈಗಿನ ಕಟ್ಟಡ 1870ರ ದಶಕದ್ದು. ಓಟ ಮುಗಿಯುವ ಗೆರೆ ಇದರಿಂದ ಕೂಗಳತೆಯ ದೂರದಲ್ಲಿದೆ. ಓಟದ ಮುನ್ನಾದಿನದ ಪ್ರಾರ್ಥನೆಯಲ್ಲಿ ಓಡತಕ್ಕವರನ್ನು ಎಬ್ಬಿಸಿ ನಿಲ್ಲಿಸಿ, ಯಾವ ಮತದವರೆಂದು ಕೇಳದೆ, ಇಡೀ ಸಭೆ ಆಶೀರ್ವದಿಸುವ ವಾಡಿಕೆಯಿದೆ. ಆಶೀರ್ವಾದವೆಂಬುದು ತತ್ತ್ವದೃಷ್ಟಿಯಿಂದ ವಿಚಿತ್ರವಾದ ವಸ್ತು: ಕರ್ಮ ವರ್ಗವಾಗದೆಂದು ನಂಬುವವರೂ ಹಿರಿಯರ ಕಾಲಿಗೆ ಬೀಳುವುದನ್ನು ಬಿಡುವುದಿಲ್ಲ. ಕಚೇರಿಯಲ್ಲಿ ಕೊಡಲಾಗದ ಯಾವುದೋ ಒಂದು ಈ ಬಾಗಿಲಿನಿಂದ ಕೊಡಲು ಬರುತ್ತದೆಂದು ಮನುಷ್ಯರು ಎಲ್ಲ ದೇಶಗಳಲ್ಲಿಯೂ ಹೇಗೋ ತಿಳಿದುಕೊಂಡಿದ್ದಾರೆ.

ಸೋಮವಾರ ಬೆಳಗಿನ ಜಾವದಲ್ಲಿಯೇ ನಮ್ಮ ದಾರಿಗಳು ಬೇರೆಯಾದವು. ಓಟಗಾರರನ್ನು ಬಾಸ್ಟನ್ ಕಾಮನ್ ಎಂಬ ಮೈದಾನದಿಂದ ಬಸ್ಸುಗಳಲ್ಲಿ ತುಂಬಿಕೊಂಡು ಪಶ್ಚಿಮಕ್ಕೆ ಹಾಪ್‌ಕಿಂಟನ್ ಗ್ರಾಮಕ್ಕೆ ಕರೆದೊಯ್ಯುತ್ತಾರೆ. 1924ರಿಂದ ಓಟ ಹೊರಡುವುದು ಅಲ್ಲಿಂದ. ಬಸ್ಸಿನಲ್ಲಿ ಹೋದ ದಾರಿಯುದ್ದವನ್ನೆಲ್ಲ ಕಾಲಿನಲ್ಲಿ ತಿರುಗಿ ಬರಬೇಕೆಂಬ ಅರಿವು ಆ ಬಸ್ಸಿನ ಮೌನಕ್ಕೆ ಕಾರಣವಂತೆ. ಅಲ್ಲಿಂದ ಆಶ್‌ಲ್ಯಾಂಡ್, ಫ್ರೇಮಿಂಗ್‌ಹ್ಯಾಮ್, ನ್ಯಾಟಿಕ್, ವೆಲ್ಸ್‌ಲಿ, ನ್ಯೂಟನ್, ಬ್ರೂಕ್‌ಲೈನ್‌ಗಳನ್ನು ಹಾದು, ಬಾಸ್ಟನ್ನಿನ ಬಾಯ್ಲ್‌ಸ್ಟನ್ ಬೀದಿಯವರೆಗೆ 42.195 ಕಿಲೋಮೀಟರು. ನೋಡುವವನ ಕಷ್ಟವೇನೆಂದರೆ ಓಟಗಾರ್ತಿ ಎದುರಿಗೆ ಬಂದು ಹೋಗುವುದು ಮೂರು ನಾಲ್ಕು ಕ್ಷಣ. ಆ ಕ್ಷಣಕ್ಕಾಗಿ ಎಲ್ಲಿ ನಿಲ್ಲಬೇಕು, ಅಲ್ಲಿಂದ ಯಾವ ರೈಲು ಹತ್ತಿದರೆ ಅವಳಿಗಿಂತ ಮುಂಚೆ ಇನ್ನೊಂದು ಕಡೆ ಮುಟ್ಟಬಹುದು, ಯಾವ ನಿಲ್ದಾಣವನ್ನು ಅಂದು ಮುಚ್ಚಿರುತ್ತಾರೆ ಎಂಬ ಲೆಕ್ಕ ಪಂಚಾಂಗ ಗಣಿತಕ್ಕಿಂತ ಸೂಕ್ಷ್ಮವಾದದ್ದು. ಊಸ್ಟರಿಗೆ ಹೋಗುವ ರೈಲುಮಾರ್ಗ ಓಟದ ದಾರಿಯನ್ನು ಬಹುದೂರ ಅನುಸರಿಸುವುದರಿಂದ ಫ್ರೇಮಿಂಗ್‌ಹ್ಯಾಮ್, ನ್ಯಾಟಿಕ್, ವೆಲ್ಸ್‌ಲಿಗಳಲ್ಲಿ ನಿಲ್ಲುವವರಿಗೆ ಅದೇ ಆಧಾರ. ಊರಿನೊಳಗೆ ಬೀಕನ್ ರಸ್ತೆಯುದ್ದಕ್ಕೂ ಟ್ರಾಮು ಓಟಗಾರರ ಪಕ್ಕದಲ್ಲಿಯೇ ಓಡುತ್ತದೆ. ಕಾಪ್ಲಿ ನಿಲ್ದಾಣ ಅಂದು ಮುಚ್ಚಿರುತ್ತದೆ. ಇಷ್ಟು ತಿಳಿದುಕೊಂಡು ಎರಡು ಕಡೆ ಮಾತ್ರ ನಿಲ್ಲುವುದೆಂದು ನಿಶ್ಚಯಿಸಿದವನು ಜಾಣ. ನಾಲ್ಕು ಕಡೆ ನೋಡುತ್ತೇನೆಂದು ಹೊರಟವನು ರೈಲಿನ ಕಿಟಕಿಯಿಂದ ಹೊಲಮನೆಗಳನ್ನು ನೋಡಿಕೊಂಡು ದಿನವನ್ನು ಕಳೆಯುತ್ತಾನೆ.

ದಾರಿಯ ಪ್ರಾರಂಭದಲ್ಲಿಯೇ, ಆಶ್‌ಲ್ಯಾಂಡಿನಲ್ಲಿ, ಓಟ ಸಾಗುವ 135ನೆಯ ಮಾರ್ಗದ ಬದಿಗೆ ಶ್ರೀ ಲಕ್ಷ್ಮೀ ದೇವಸ್ಥಾನವಿದೆ. ದಾಕ್ಷಿಣಾತ್ಯ ಶೈಲಿಯ ಗೋಪುರ. ಆ ಸೀಮೆಯಲ್ಲಿ ನೆಲೆಸಿರುವ ಕನ್ನಡದವರಿಗೂ ತಮಿಳು ತೆಲುಗಿನವರಿಗೂ ಅದು ಊರ ಗುಡಿಯೇ ಆಗಿಬಿಟ್ಟಿದೆ. ಅಲ್ಲಿಂದ ದಕ್ಷಿಣಕ್ಕೆ ಕೆಲವೇ ಮೈಲಿಗಳಾಚೆ, ಹಾಲಿಸ್ಟನ್ನಿನ ಮೆಟ್‌ಕಾಫ್ ಎಂಬ ಕಡೆ, ಕೇಟ್ ಸ್ಯಾನ್‌ಬಾರ್ನ್ ಎಂಬ ಮಹಿಳೆಯ ತೋಟದ ಮನೆಯಲ್ಲಿ 1893ರ ಆಗಸ್ಟಿನಲ್ಲಿ ವಿವೇಕಾನಂದರು ಅತಿಥಿಯಾಗಿದ್ದರು. ಷಿಕಾಗೋ ನಗರದ ಸರ್ವಧರ್ಮಸಭೆ ಇನ್ನೂ ದೂರವಿದ್ದು, ಕೈಯ ಹಣ ಕರಗುತ್ತಿದ್ದಾಗ, ರೈಲಿನಲ್ಲಿ ಪರಿಚಯವಾದ ಆಕೆ ಕರೆದದ್ದರಿಂದ ಅವರು ಅಲ್ಲಿಗೆ ಹೋದರು. ಗುರಿಯ ಕಡೆಗೆ ಹೊರಟವನಿಗೆ ದಾರಿಯ ಬದಿಯ ಅಪರಿಚಿತರು ಒಂದು ಹೊತ್ತಿನ ಆಸರೆ ಕೊಡುವ ಪದ್ಧತಿ ಆ ಪ್ರಾಂತದಲ್ಲಿ ಮ್ಯಾರಥಾನಿಗಿಂತ ಹಳೆಯದು.

ನಾನು ನಿಂತದ್ದು ನ್ಯೂಟನ್ನಿನ ಏರುಗಳಲ್ಲಿ. ಓಟದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಉಳಿದಿರುವಾಗ ಅಲ್ಲಿ ಒಂದಾದ ಮೇಲೊಂದು ದಿಬ್ಬಗಳು ಮೊದಲಾಗುತ್ತವೆ; ಕಡೆಯದಕ್ಕೆ ಹಾರ್ಟ್‌ಬ್ರೇಕ್ ಹಿಲ್ ಎಂದು ಹೆಸರು. 1936ರಲ್ಲಿ ಹಿಂದಿನ ವರ್ಷದ ವಿಜಯಿ ಜಾನ್ ಕೆಲ್ಲಿ ಈ ಏರಿನಲ್ಲಿ ಎಲಿಸನ್ ಬ್ರೌನ್ ಎಂಬ ಆದಿವಾಸಿ ಓಟಗಾರನನ್ನು ಸಮೀಪಿಸಿ, ಹಾದುಹೋಗುತ್ತ ಅವನ ಹೆಗಲನ್ನು ತಟ್ಟಿದನಂತೆ. ತಟ್ಟಿಸಿಕೊಂಡವನು ಚೇತರಿಸಿಕೊಂಡು ಓಡಿ ಗೆದ್ದನು, ತಟ್ಟಿದವನು ಹಿಂದುಳಿದನು. ಆ ಭಂಗವನ್ನು ಕುರಿತು ಪತ್ರಿಕೆಯವರು ಬರೆದದ್ದರಿಂದ ದಿಬ್ಬಕ್ಕೆ ಹೆಸರು ಬಂದಿತು. ಕೆಲ್ಲಿ ತಟ್ಟಿದ್ದು ಕನಿಕರದಿಂದಲೋ ಬಿಂಕದಿಂದಲೋ ಹೇಳುವವರಿಲ್ಲ. ಮುಂದೆ ಅವನು 84ನೆಯ ವಯಸ್ಸಿನವರೆಗೂ ಈ ದಾರಿಯಲ್ಲಿ ಓಡಿದನೆಂಬುದನ್ನು ನೋಡಿದರೆ ನಾನಂತೂ ಒಳ್ಳೆಯ ಕಡೆಗೇ ಒಲಿಯುತ್ತೇನೆ.

ಅಲ್ಲಿ ನಿಂತ ಮೇಲೆಯೇ ನನ್ನ ವ್ಯಾಜ್ಯಕ್ಕೆ ಬೇರೊಂದು ಮುಖ ಬಂದದ್ದು. ನಾನು ಹೋದದ್ದು ನನ್ನವಳೊಬ್ಬಳನ್ನು ನೋಡಲು. ಅವಳು ಬರಲು ಇನ್ನೂ ಒಂದೂವರೆ ಗಂಟೆಯಿತ್ತು. ಎದುರಿಗೆ ಬರುತ್ತಿದ್ದವರು ಸಾವಿರ ಜನ, ನನಗೆ ಏನೂ ಆಗಬೇಕಾಗಿಲ್ಲದವರು. ಮೊದಲು ಸುಮ್ಮನೆ ನಿಂತಿದ್ದೆ. ಪಕ್ಕದ ಮನೆಯ ವೃದ್ಧ ದಂಪತಿಗಳು ಮೇಜಿನ ಮೇಲೆ ಕಿತ್ತಳೆಯ ಹೋಳುಗಳನ್ನು ಹರಡಿಕೊಂಡು, ಅಂಗಿಯ ಮೇಲೆ ಬರೆದಿದ್ದ ಹೆಸರುಗಳನ್ನು ಓದಿ ಓದಿ ಕೂಗಿ, ಬಂದವರಿಗೆಲ್ಲ ಕೈನೀಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ನನ್ನ ಕೈಗೂ ಒಂದು ತಟ್ಟೆ ಬಂದಿತು. ಆಮೇಲೆ ನನ್ನವಳು ಬಂದಳು, ನಕ್ಕಳು, ಹೋದಳು. ಲೆಕ್ಕದ ಪ್ರಕಾರ ನಾನು ಆಗಲೇ ಟ್ರಾಮಿನ ಕಡೆಗೆ ನಡೆಯಬೇಕಾಗಿತ್ತು. ತಟ್ಟೆ ಬರಿದಾಗುವವರೆಗೆ ಅಲ್ಲಿಂದ ಕದಲುವ ಮನಸ್ಸಾಗಲಿಲ್ಲ. ದಾರಿಯುದ್ದಕ್ಕೂ ಐದು ಲಕ್ಷದಷ್ಟು ಜನ ಹೀಗೆ ನಿಲ್ಲುವರೆಂದು ಅಂದಾಜು. ಓಡುವವರು ಮೂವತ್ತು ಸಾವಿರ. ವೆಲ್ಸ್‌ಲಿಯಲ್ಲಿ ಮಹಿಳಾ ಕಾಲೇಜಿನ ವಿದ್ಯಾರ್ಥಿನಿಯರು ಬೇಲಿಗೆ ಒತ್ತಿಕೊಂಡು ಎಬ್ಬಿಸುವ ಕೂಗು ಅವರು ಕಣ್ಣಿಗೆ ಬೀಳುವುದಕ್ಕಿಂತ ಬಹಳ ಮುಂಚೆಯೇ ಓಟಗಾರರ ಕಿವಿಗೆ ಮುಟ್ಟುತ್ತದೆ. ಛಾಂದೋಗ್ಯದಲ್ಲಿ ಯಜ್ಞಕ್ಕೆ ಮನಸ್ಸು ಮಾತು ಎಂದು ಎರಡು ದಾರಿಗಳನ್ನು ಹೇಳಿ, ಮಾತಿನ ದಾರಿ ಇತರ ಋತ್ವಿಜರದೆಂದೂ, ಮನಸ್ಸಿನ ದಾರಿ ಮೌನವಾಗಿ ಕುಳಿತು ನೋಡುವ ಬ್ರಹ್ಮನೆಂಬ ಋತ್ವಿಜನದೆಂದೂ ವಿಂಗಡಿಸಿದೆ. ಅವನು ನಡುವೆ ಬಾಯಿ ತೆರೆದರೆ ಯಜ್ಞ ಒಂಟಿ ಕಾಲಿನವನ ನಡಿಗೆಯಂತೆ ಕುಂಟುವುದಂತೆ. ನೋಡುವವನಿಗೆ ಕರ್ಮದಲ್ಲಿಯೇ ಅರ್ಧ ಪಾಲು ಕೊಟ್ಟ ಈ ಉಪನಿಷತ್ತಿನ ಮಾತನ್ನು ನಾನು ಕೈಮುಗಿದು ಒಪ್ಪುತ್ತೇನೆ. ಮೌನದ ನಿಯಮವೊಂದನ್ನು ಮಾತ್ರ ವೆಲ್ಸ್‌ಲಿಯ ಹುಡುಗಿಯರು ಒಪ್ಪುವಂತಿಲ್ಲ.

ಕಿತ್ತಳೆಯ ತಟ್ಟೆ ಹಿಡಿದು ನಿಂತಾಗ ನೆನಪಿಗೆ ಬಂದದ್ದು ಯಜ್ಞಶಾಲೆಯೂ ಅಲ್ಲ, ನಾಟ್ಯಶಾಲೆಯೂ ಅಲ್ಲ. ಯುಗಾದಿಯ ಮುಂಚಿನ ವಾರಗಳಲ್ಲಿ ವಿಜಯಪುರ ಬಾಗಲಕೋಟೆಗಳ ಕಡೆಯಿಂದ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರ ದಾರಿ. ಅಲ್ಲಿ ಊರೂರಿನವರೂ ಚಪ್ಪರ ಹಾಕಿ, ರೊಟ್ಟಿ ಬುತ್ತಿ, ಮಜ್ಜಿಗೆ ನೀರು ಸಿದ್ಧಮಾಡಿಟ್ಟುಕೊಂಡು, ನಡೆದು ಬಂದವರ ಕಾಲೊತ್ತುತ್ತಾರೆ. ಅವರಿಗೆ ಇದು ಉಪಕಾರವಲ್ಲ, ದಾಸೋಹ. ಹೋಗುವವನು ಮಲ್ಲಯ್ಯನನ್ನು ಕಾಣಲು ಬೆಟ್ಟ ಹತ್ತಬೇಕು. ದಾರಿಯ ಬದಿಯವನಿಗೆ ಬರುವವನೇ ಮಲ್ಲಯ್ಯ. ಶರಣರ ಈ ತತ್ತ್ವದಲ್ಲಿ ನನ್ನ ಎರಡು ಶಾಸ್ತ್ರಗಳ ನಡುವೆ ಕಾಣದೆ ಹೋಗಿದ್ದ ಮೂರನೆಯ ಸ್ಥಾನವೊಂದಿದೆ. ದಾಸೋಹಿ ಕರ್ತೃವೂ ಅಲ್ಲ, ಏಕೆಂದರೆ ಯಾತ್ರೆ ಅವನದಲ್ಲ. ಬರಿಯ ಪ್ರೇಕ್ಷಕನೂ ಅಲ್ಲ, ಏಕೆಂದರೆ ಅವನು ಆಸ್ವಾದಿಸುತ್ತ ಕುಳಿತಿಲ್ಲ. ಇನ್ನೂ ಒಂದು ಮಾತನ್ನು ಸ್ವಲ್ಪ ಧೈರ್ಯದಿಂದ ಹೇಳುತ್ತೇನೆ. ಫಲಾಪೇಕ್ಷೆಯಿಲ್ಲದ ಕರ್ಮವನ್ನು ಹುಡುಕುವವರು ಓಡುವವರಲ್ಲಿ ಹುಡುಕಬಾರದು. ಓಡುವವರಿಗೆ ಗಂಟೆ ನಿಮಿಷಗಳ ಆಸೆಯುಂಟು, ಕೊರಳಿಗೆ ಪದಕವುಂಟು, ಬರುವ ವರ್ಷದ ಅರ್ಹತೆಯ ಚಿಂತೆಯುಂಟು, ಇರಬೇಕಾದದ್ದೇ. ಹೆಸರು ತಿಳಿಯದವನಿಗೆ ಕಿತ್ತಳೆ ಕೊಟ್ಟ ಮುದುಕಿಗೆ ಅವನು ಎಷ್ಟನೆಯವನಾಗಿ ಮುಟ್ಟಿದನೆಂಬುದೂ ಗೊತ್ತಾಗುವುದಿಲ್ಲ.

ಮಮಕಾರವಿದ್ದರೂ ಅದು ಕರ್ತೃತ್ವವನ್ನು ಎಷ್ಟು ದೂರ ಹಂಚಿಕೊಳ್ಳಬಲ್ಲುದೆಂಬುದಕ್ಕೆ ಹಾಪ್‌ಕಿಂಟನ್ನಿನಲ್ಲಿ ಓಟದ ಆರಂಭಸ್ಥಳದ ಬಳಿ 2013ರಲ್ಲಿ ನಿಲ್ಲಿಸಿದ ವಿಗ್ರಹವೊಂದು ಸಾಕ್ಷಿ. ಡಿಕ್ ಹಾಯ್ಟ್ ಎಂಬ ತಂದೆ, ಗಾಲಿಕುರ್ಚಿಯಲ್ಲಿ ಕುಳಿತ ಮಗ ರಿಕ್. ಹುಟ್ಟುವಾಗಲೇ ಮಿದುಳಿಗೆ ಆಘಾತವಾಗಿ ಕೈಕಾಲುಗಳೂ ಮಾತೂ ವಶದಲ್ಲಿಲ್ಲದ ರಿಕ್, ಯಂತ್ರದ ಸಹಾಯದಿಂದ ಒಂದೊಂದೇ ಅಕ್ಷರವನ್ನು ಆರಿಸಿ ಮಾತನಾಡುತ್ತಿದ್ದನು. 1977ರಲ್ಲಿ, ಅಪಘಾತಕ್ಕೀಡಾದ ಆಟಗಾರನೊಬ್ಬನ ಸಹಾಯಾರ್ಥವಾಗಿ ನಡೆಯುವ ಓಟದಲ್ಲಿ ತಾನೂ ಭಾಗವಹಿಸಬೇಕೆಂದು ಅವನು ತಂದೆಯನ್ನು ಕೇಳಿದನು. ತಂದೆ ಕುರ್ಚಿಯನ್ನು ತಳ್ಳಿಕೊಂಡು ಐದು ಮೈಲಿ ಓಡಿದನು. ಓಡುವಾಗ ತನ್ನ ಅಂಗವೈಕಲ್ಯ ಮಾಯವಾದಂತಾಯಿತೆಂದು ಮಗ ಆ ರಾತ್ರಿ ತಿಳಿಸಿದ ಮೇಲೆ ಅವರು ನಿಲ್ಲಲಿಲ್ಲ. ಬಾಸ್ಟನ್ ಮ್ಯಾರಥಾನನ್ನೇ 32 ಬಾರಿ ಹೀಗೆ ಓಡಿ, ಕಡೆಯದನ್ನು 2014ರಲ್ಲಿ ಮುಗಿಸಿದರು. ಸಂಕಲ್ಪ ಮಗನದು, ಕಾಲು ತಂದೆಯದು. ಜೈಮಿನಿಯನ್ನು ಕೇಳಿದರೆ ಮಗ ಯಜಮಾನ, ತಂದೆ ಋತ್ವಿಜ, ಫಲ ಮಗನದು ಎಂದಾನು. ಆದರೆ ಋತ್ವಿಜನಿಗೆ ದಕ್ಷಿಣೆ ಕೊಟ್ಟು ಋಣ ಹರಿದುಕೊಳ್ಳುವ ವಿಧಿ ಇಲ್ಲಿ ಹೇಗೆ ಅನ್ವಯಿಸೀತು? ಇಬ್ಬರೂ ತೀರಿಕೊಂಡಿದ್ದಾರೆ, 2021ರಲ್ಲಿ ತಂದೆ, 2023ರಲ್ಲಿ ಮಗ. ಆ ಓಟಗಳನ್ನು ಪಾಲು ಮಾಡುವವರು ಇನ್ನೂ ಹುಟ್ಟಿಲ್ಲ.

2013ರ ಏಪ್ರಿಲ್ 15ರ ವಿಷಯವನ್ನು ಬರೆಯದೆ ಈ ಲೇಖನವನ್ನು ಮುಗಿಸಬಹುದಾಗಿದ್ದರೆ ಚೆನ್ನಾಗಿತ್ತು. ಅಂದು ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿರುವಾಗ ಬಾಯ್ಲ್‌ಸ್ಟನ್ ಬೀದಿಯಲ್ಲಿ, ಮುಕ್ತಾಯದ ಗೆರೆಯ ಹತ್ತಿರ, ಕೆಲವೇ ಕ್ಷಣಗಳ ಅಂತರದಲ್ಲಿ ಎರಡು ಬಾಂಬುಗಳು ಸಿಡಿದವು. ಸ್ಥಳದಲ್ಲಿ ಸತ್ತವರು ಮೂವರು. ಅವರಲ್ಲಿ ಒಬ್ಬ ಎಂಟು ವರ್ಷದ ಹುಡುಗ. ಗಾಯಗೊಂಡವರು 260ಕ್ಕೂ ಹೆಚ್ಚು. ಸತ್ತ ಮೂವರಲ್ಲಿ ಯಾರೂ ಓಡುತ್ತಿರಲಿಲ್ಲ, ಮೂವರೂ ನೋಡಲು ನಿಂತವರು. ನೋಡುವವನು ಕರ್ಮದ ಹೊರಗಿರುವನು, ಅವನಿಗೆ ಯಾವುದೂ ಅಂಟದು ಎಂಬ ಸಾಕ್ಷಿವಾದವನ್ನು ಅಂದಿನ ಆ ಬೀದಿಯಲ್ಲಿ ನಿಂತು ಹೇಳುವುದಕ್ಕೆ ಯಾವ ಸಾಂಖ್ಯನಿಗೂ ನಾಲಗೆ ಏಳಲಾರದು. ಓಟಗಾರರನ್ನೂ ನೋಟಕರನ್ನೂ ಬೇರ್ಪಡಿಸಲೆಂದು ನಿಲ್ಲಿಸಿದ್ದ ಲೋಹದ ಬೇಲಿಗಳನ್ನು ಪೊಲೀಸರೂ ಸ್ವಯಂಸೇವಕರೂ ದಾರಿಹೋಕರೂ ಕೈಯಿಂದಲೇ ಎಳೆದು ಕಿತ್ತು, ಗಾಯಗೊಂಡವರ ಬಳಿಗೆ ನುಗ್ಗಿದರು. ಎರಡನೆಯದು ಸಿಡಿದಿತ್ತು, ಮೂರನೆಯದು ಇಲ್ಲವೆಂದು ಅವರಿಗೆ ಹೇಳಿದವರಾರೂ ಇರಲಿಲ್ಲ. ಇನ್ನೂ ಹಿಂದಿದ್ದ ಸಾವಿರಾರು ಓಟಗಾರರನ್ನು ದಾರಿಯಲ್ಲಿಯೇ ತಡೆದು ನಿಲ್ಲಿಸಲಾಯಿತು. ಚಳಿಯಲ್ಲಿ ನಡುಗುತ್ತಿದ್ದವರನ್ನು ಬೀದಿಯ ಮನೆಗಳವರು ಒಳಗೆ ಕರೆದು ನೀರು, ಹೊದಿಕೆಗಳನ್ನು ಕೊಟ್ಟರು.

ಮರುವರ್ಷ ಓಲ್ಡ್ ಸೌತ್ ಚರ್ಚಿನ ಕೆಲವರು ನೀಲಿ ಹಳದಿ ಉಣ್ಣೆಯ ಶಲ್ಯಗಳನ್ನು ಹೆಣೆದು ಓಡತಕ್ಕವರ ಕೊರಳಿಗೆ ಹಾಕಬೇಕೆಂದು ಸಂಕಲ್ಪಿಸಿದರು. ಸುದ್ದಿ ಹರಡಿ, ಬಾಸ್ಟನ್ನನ್ನು ಕಣ್ಣಿನಿಂದ ಕಂಡಿಲ್ಲದವರೂ ಬೇರೆ ಬೇರೆ ಊರುಗಳಲ್ಲಿ ಕುಳಿತು ಹೆಣೆದು ಕಳುಹಿಸಿದರು. ಹೆಣೆದವರಿಗೆ ತಮ್ಮ ಶಲ್ಯ ಯಾರ ಕೊರಳಿಗೆ ಹೋಯಿತೆಂದು ತಿಳಿಯದು. ಓಟವನ್ನು ಅವರು ನೋಡಲೂ ಇಲ್ಲ. ಮಾಡುವವನ ಪಾಲು, ನೋಡುವವನ ಪಾಲು ಎಂದು ನಾನು ಎರಡು ಖಾತೆಗಳನ್ನು ತೆರೆದು ಕುಳಿತಿದ್ದೆನಷ್ಟೆ. ಈ ಹೆಣೆದವರನ್ನು ಯಾವುದರಲ್ಲಿ ಬರೆದುಕೊಳ್ಳಲಿ?

ಇಷ್ಟನ್ನೂ ನಾನು ಮಂಗಳವಾರ ಬೆಳಗ್ಗೆ ನನ್ನ ಸೊಸೆಗೆ ವಿಸ್ತಾರವಾಗಿ ನಿರೂಪಿಸಿದೆ. ಅವಳು ಮೆಟ್ಟಿಲನ್ನು ಇಳಿಯಲಾರದೆ, ಕಂಬಿಯನ್ನು ಎರಡು ಕೈಯಿಂದ ಹಿಡಿದುಕೊಂಡು, ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಮ್ಯಾರಥಾನಿನ ಮರುದಿನ ಆ ಊರಿನಲ್ಲಿ ಹೀಗೆ ಇಳಿಯುವವರನ್ನು ಎಲ್ಲೆಲ್ಲಿಯೂ ಕಾಣಬಹುದು. ಪೂರ್ತಿ ಕೇಳಿದ ಮೇಲೆ ಅವಳು, "ಎಲ್ಲ ಸರಿ ಮಾವ, ಈ ತೊಡೆಯ ನೋವಿನಲ್ಲಿ ಪಾಲು ಕೇಳುವವರು ಯಾರೂ ಬರಲಿಲ್ಲವಲ್ಲ" ಎಂದಳು. ಆಕ್ಷೇಪ ಪ್ರಬಲವಾದದ್ದು. ಫಲದ ವಿಷಯದಲ್ಲಿ ಜೈಮಿನಿ ಸೋತರೂ ಶ್ರಮದ ವಿಷಯದಲ್ಲಿ ಅವನ ಸೂತ್ರ ಅಲುಗದೆ ನಿಂತಿದೆಯೆಂದು ನಾನು ಒಪ್ಪಿಕೊಳ್ಳಬೇಕಾಯಿತು. ನ್ಯೂಟನ್ನಿನ ಏರಿನಲ್ಲಿ ನಿಲ್ಲಿಸಿಬಿಡೋಣವೆನ್ನಿಸಿದಾಗ ಯಾರೋ ತನ್ನ ಹೆಸರನ್ನು ತಪ್ಪು ತಪ್ಪಾಗಿ ಕೂಗಿದ್ದು ಕೇಳಿ ನಗು ಬಂದು, ಆ ನಗುವಿನಲ್ಲಿಯೇ ಏರು ಮುಗಿಯಿತೆಂದು ಅವಳೇ ಹಿಂದಿನ ರಾತ್ರಿ ಹೇಳಿದ್ದಳು. ಅದನ್ನು ನೆನಪಿಗೆ ತಂದುಕೊಟ್ಟೆ. ಅವಳು ಇಲ್ಲವೆನ್ನಲಿಲ್ಲ. ಕಡೆಯ ಮೆಟ್ಟಿಲನ್ನು ಇಳಿದು ಕುಳಿತು, ಈ ಊರಿನಲ್ಲಿ ಬಿಸಿಯಾದ ಅನ್ನ ಸಾರು ಎಲ್ಲಿ ಸಿಕ್ಕೀತೆಂದು ಕೇಳಿದಳು. ಆ ಏರ್ಪಾಡು ನಿಸ್ಸಂದೇಹವಾಗಿ ನನ್ನ ಪಾಲಿನದೇ ಆಗಿದ್ದುದರಿಂದ, ನಾನು ನಕ್ಷೆಯನ್ನು ಮತ್ತೆ ಬಿಚ್ಚಿದೆ.